ಹಳೆಯ ವ್ಯಾನಿನ ಬ್ಯಾಟರಿ, ಚಾರ್ಜಿಂಗ್ ತೊಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡಿಗೆರೆ ಸೀಮೆಯಲ್ಲಿ ಹಳೆಯ ವ್ಯಾನ್ ಮಾಡದ ಕೆಲಸವಿಲ್ಲ. ಮೆಣಸಿನ ಮೂಟೆ, ನರ್ಸರಿ ಗಿಡ, ಮದುವೆ ಮನೆಯ ಪಾತ್ರೆ, ಜ್ವರ ಬಂದ ಮಗು ಎಲ್ಲವೂ ಅದರಲ್ಲೇ ಹೋಗಬೇಕು. ಮುಂದೆ ಓಮ್ನಿ ಎಂದು ಹೆಸರಾದ ಮಾರುತಿಯ ವ್ಯಾನ್ ಬಂದದ್ದು 1984ರಲ್ಲಿ, ಅದರ ತಯಾರಿಕೆ ನಿಂತದ್ದು 2019ರಲ್ಲಿ. ಆದ್ದರಿಂದ ಇಂದು ರಸ್ತೆಯಲ್ಲಿರುವ ಯಾವ ಓಮ್ನಿಯೂ ಹೊಸದಲ್ಲ. ನನ್ನದಂತೂ ಮಳೆ, ಕೆಸರು, ಘಟ್ಟ ಎಲ್ಲವನ್ನೂ ಕಂಡ ಗಾಡಿ. ಅದನ್ನು ಓಡಿಸುತ್ತಾ ಕಲಿತದ್ದನ್ನು, ನೆರೆಹೊರೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಉತ್ತರವಾಗಿ ಇಲ್ಲಿ ಬರೆದಿದ್ದೇನೆ. 12 ವೋಲ್ಟ್ ಬ್ಯಾಟರಿಯ ಬೇರೆ ಹಳೆಯ ವ್ಯಾನ್‌ಗಳಿಗೂ ಇಲ್ಲಿನ ಲೆಕ್ಕ ಹೊಂದುತ್ತದೆ.

ಬೆಳಿಗ್ಗೆ ಕೀ ತಿರುಗಿಸಿದರೆ ‘ಟಕ್’ ಎಂದು ಸದ್ದಾಗಿ ಸುಮ್ಮನಾಗುತ್ತದೆ. ಹೊಸ ಬ್ಯಾಟರಿ ತರಲೇ?

ಈಗಲೇ ಬೇಡ. ಹೊಸ ಬ್ಯಾಟರಿಗೆ ಹಣ ಕೊಡುವ ಮುಂಚೆ ಹತ್ತು ನಿಮಿಷ ಕೊಡಿ. ಹೆಡ್‌ಲೈಟ್ ಹಾಕಿ, ಇನ್ನೊಬ್ಬರನ್ನು ಗಾಡಿಯ ಮುಂದೆ ನಿಲ್ಲಿಸಿ, ಕೀ ತಿರುಗಿಸಿ. ದೀಪ ಪೂರ್ತಿ ಕಂದಿಹೋದರೆ ಒಂದೋ ಬ್ಯಾಟರಿ ಇಳಿದಿದೆ, ಇಲ್ಲವೇ ಎಲ್ಲೋ ಒಂದು ಜೋಡಣೆ ಕೆಟ್ಟಿದೆ. ದೀಪ ಕಂದದೆ ಹಾಗೆಯೇ ಉರಿಯುತ್ತಾ ಬರೀ ‘ಟಕ್’ ಎಂದರೆ ಬ್ಯಾಟರಿಯಲ್ಲಿ ಜೀವವಿದೆ. ತೊಂದರೆ ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟಾರಿನಲ್ಲಿ, ಅದರ ಸ್ವಿಚ್ಚಿನಲ್ಲಿ ಅಥವಾ ಅದಕ್ಕೆ ಹೋಗುವ ದಪ್ಪ ತಂತಿಯಲ್ಲಿದೆ.

ನಾನು ಇದನ್ನು ಕಲಿತದ್ದು ದುಡ್ಡು ಕಳೆದುಕೊಂಡು. ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಹಾಕಿಸಿದೆ. ಎರಡನೆಯದೂ ಮೂರು ತಿಂಗಳಿಗೇ ಸೋತಾಗ ಹಾಸನದಲ್ಲಿ ಹಿರಿಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರ ಬಳಿಗೆ ಹೋದೆ. ಅವರು ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಮಲಗಿ, ಎಂಜಿನ್‌ನಿಂದ ಚಾಸಿಗೆ ಬರುವ ಹೆಣೆದ ತಾಮ್ರದ ಪಟ್ಟಿಯನ್ನು ಬಿಚ್ಚಿ ತಂದು ನನ್ನ ಅಂಗೈ ಮೇಲೆ ಇಟ್ಟರು. ಹೊರಗೆ ಒಣಗಿದ ಕೆಸರು. ಉಗುರಿನಿಂದ ಕೆರೆದರೆ ಒಳಗೆ ಹಸಿರು ಪುಡಿ. ಬಗ್ಗಿಸಿದರೆ ತಂತಿಯ ಎಳೆಗಳು ಒಣಹುಲ್ಲಿನಂತೆ ಪಟಪಟನೆ ಮುರಿದವು. ಉಳಿದಿದ್ದದ್ದು ನಾಲ್ಕೈದು ಎಳೆ. ‘ಬ್ಯಾಟರಿಗೆ ಏನೂ ಆಗಿಲ್ಲ ತಮ್ಮಾ, ಅರ್ಥ್ ಹೋಗಿದೆ’ ಎಂದರು. ಕರೆಂಟ್ ಎಂಜಿನ್, ಚಾಸಿಗಳ ಮೂಲಕ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿಯೇ ಅರ್ಥ್. ಬೇರೆ ಪಟ್ಟಿ ಹಾಕಿ ಕೀ ತಿರುಗಿಸಿದರೆ ಗಾಡಿ ಮೊದಲ ಹೊಡೆತಕ್ಕೇ ಎದ್ದಿತು.

ಅರ್ಥ್ ಸರಿಯಿದೆಯೇ ಎಂದು ಬಿಚ್ಚದೆಯೇ ತಿಳಿಯಬಹುದೇ?

ಖಂಡಿತ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆಯಿರಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬದ ಮೇಲೇ ಒತ್ತಿ ಹಿಡಿಯಿರಿ. ಅದಕ್ಕೆ ಬಿಗಿದ ಕ್ಲ್ಯಾಂಪಿನ ಮೇಲಲ್ಲ. ಇನ್ನೊಂದನ್ನು ಎಂಜಿನ್‌ನ ಬರಿಯ ಲೋಹಕ್ಕೆ ಮುಟ್ಟಿಸಿ. ಈಗ ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಆ ಎರಡು ಮೂರು ಸೆಕೆಂಡಿನಲ್ಲಿ ಮೀಟರ್ 0.2 ಅಥವಾ 0.3 ವೋಲ್ಟ್ ತೋರಿಸಿದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಆ ದಾರಿಯಲ್ಲಿ ಎಲ್ಲೋ ತುಕ್ಕು, ಸಡಿಲ ಅಥವಾ ಕಡಿದ ಎಳೆ ಇದೆ.

ಕಂಬದಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಚಾಸಿಗೆ, ಚಾಸಿಯಿಂದ ಎಂಜಿನ್‌ಗೆ ಎಂದು ತುಂಡು ತುಂಡಾಗಿ ಅಳೆಯುತ್ತಾ ಹೋದರೆ ಕಳ್ಳ ತಾನಾಗಿ ಸಿಗುತ್ತಾನೆ. ಪ್ಲಸ್ ಕಡೆಯನ್ನೂ ಹೀಗೆಯೇ ನೋಡಬೇಕು: ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೆ.

ಓಡಿಸುತ್ತಾ ಇರುವವರಿಗೆ ಅರ್ಥ್ ಕೆಟ್ಟ ಸುಳಿವು ಇನ್ನೊಂದು ರೀತಿಯಲ್ಲೂ ಸಿಗುತ್ತದೆ. ಇಂಡಿಕೇಟರ್ ಹಾಕಿದರೆ ಬೇರೆ ದೀಪವೂ ಜೊತೆಗೆ ಮಿಟುಕುತ್ತದೆ, ಹಾರ್ನ್ ಒತ್ತಿದರೆ ಡ್ಯಾಶ್‌ಬೋರ್ಡಿನ ದೀಪ ಕುಂದುತ್ತದೆ. ಕೆಲವೊಮ್ಮೆ ಸೆಲ್ಫ್ ಹೊಡೆದಾಗ ಕ್ಲಚ್ ಅಥವಾ ಆಕ್ಸಿಲೇಟರ್ ಕೇಬಲ್ ಬಿಸಿಯಾಗುತ್ತದೆ. ಕರೆಂಟ್ ಹೋಗಲು ಬೇರೆ ದಾರಿಯಿಲ್ಲದೆ ಕೇಬಲ್ ಹಿಡಿದು ಹೋಗುತ್ತಿದೆ ಎಂದು ಅದರ ಅರ್ಥ. ಅದನ್ನು ಒಂದು ದಿನವೂ ಹಾಗೆಯೇ ಬಿಡಬೇಡಿ.

ಬ್ಯಾಟರಿ ಚೆನ್ನಾಗಿದೆಯೇ ಎಂದು ಮೀಟರಿನಲ್ಲಿ ಹೇಗೆ ನೋಡುವುದು?

ಗಾಡಿ ನಿಲ್ಲಿಸಿದ ಕೂಡಲೇ ಅಳೆಯಬೇಡಿ. ಆಗ ಬರುವ ಅಂಕಿ ಸುಳ್ಳು ಧೈರ್ಯ ಕೊಡುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಕೀ ಹಾಕುವ ಮುಂಚೆ ನೋಡಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕೆ ಬಂದರೆ ಕಾಲು ಭಾಗ. 11.8ರ ಹತ್ತಿರ ಇದ್ದರೆ ಖಾಲಿ ಎಂದೇ ತಿಳಿಯಿರಿ. ಒಳಗೆ ಆರು ಸೆಲ್‌ಗಳಿದ್ದು ಒಂದೊಂದು ಸುಮಾರು 2.1 ವೋಲ್ಟ್ ಕೊಡುತ್ತದೆ. ಎಷ್ಟು ಹೊತ್ತು ಚಾರ್ಜ್ ಮಾಡಿದರೂ ಮರುದಿನಕ್ಕೆ 10.5ರ ಆಸುಪಾಸಿಗೆ ಬಂದು ನಿಂತರೆ ಒಂದು ಸೆಲ್ ಸತ್ತಿದೆ. ಅದಕ್ಕೆ ಔಷಧವಿಲ್ಲ.

ಆದರೆ ಸುಮ್ಮನೆ ಕುಳಿತ ಬ್ಯಾಟರಿಯ ವೋಲ್ಟ್ ಅರ್ಧ ಕಥೆ ಮಾತ್ರ. ಸೆಲ್ಫ್ ಹೊಡೆಯುವಾಗ ಕಂಬಗಳ ನಡುವೆ ಎಷ್ಟು ಉಳಿಯುತ್ತದೆ ಎಂಬುದು ನಿಜವಾದ ಪರೀಕ್ಷೆ. ತುಂಬಿದ ಬ್ಯಾಟರಿ ಆಗಲೂ 9.6 ವೋಲ್ಟ್‌ಗಿಂತ ಕೆಳಗೆ ಬೀಳಬಾರದು. ಬಿದ್ದರೆ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ.

ಮುಚ್ಚಳ ಬಿಚ್ಚಬಹುದಾದ ಬ್ಯಾಟರಿಯಾದರೆ, ಒಳಗಿನ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇನ್ನೂ ಒಳ್ಳೆಯದು. ಆರು ಸೆಲ್‌ಗಳನ್ನೂ ನೋಡಿ. ಒಂದು ಮಾತ್ರ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಆ ಬ್ಯಾಟರಿಯನ್ನು ನಂಬಿ ಘಟ್ಟ ಇಳಿಯಬೇಡಿ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಬೆಳೆಯುತ್ತದೆ. ಬಿಸಿನೀರು ಸುರಿದರೆ ಸಾಕೇ?

ಸುರಿದರೆ ಕಣ್ಣಿಗೆ ಕಾಣುವ ಪುಡಿ ಹೋಗುತ್ತದೆ, ಕ್ಲ್ಯಾಂಪಿನ ಒಳಮೈಯಲ್ಲಿರುವುದು ಹಾಗೆಯೇ ಉಳಿಯುತ್ತದೆ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ನೊರೆ ಬರುತ್ತದೆ. ನೊರೆ ನಿಂತರೆ ಆಸಿಡ್ ಸತ್ತಿದೆ. ಸೋಡಾ ನೀರು ಸೆಲ್ಲಿನ ಒಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿರಲಿ. ಒರೆಸಿ ಒಣಗಿಸಿ, ಕಂಬವನ್ನೂ ಕ್ಲ್ಯಾಂಪಿನ ಒಳಭಾಗವನ್ನೂ ಉಪ್ಪುಕಾಗದದಿಂದ ಹೊಳೆಯುವಂತೆ ತಿಕ್ಕಿ. ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಬಿಗಿದ ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ. ಮೊದಲೇ ದಪ್ಪಗೆ ಗ್ರೀಸ್ ಮೆತ್ತಿ ಆಮೇಲೆ ಕ್ಲ್ಯಾಂಪ್ ಕೂರಿಸುವುದು ನಮ್ಮ ಕಡೆ ಬಹಳ ಜನ ಮಾಡುವ ತಪ್ಪು.

ಕಣ್ಣಿಗೆ ಕನ್ನಡಕವಿಲ್ಲದೆ ಈ ಕೆಲಸ ಮಾಡಬೇಡಿ. ಬ್ಯಾಟರಿ ನೀರು ಸಿಡಿದರೆ ತಕ್ಷಣ ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು.

ಬ್ಯಾಟರಿಗೆ ಫಿಲ್ಟರ್ ನೀರು, ಮಳೆ ನೀರು ಹಾಕಬಹುದೇ?

ಬೇಡ. ಡಿಸ್ಟಿಲ್ಡ್ ವಾಟರ್ ಮಾತ್ರ. ಕುಡಿಯಲು ಫಿಲ್ಟರ್ ಮಾಡಿದ ನೀರಿನಲ್ಲೂ ಲವಣ ಉಳಿದಿರುತ್ತದೆ. ತಗಡಿನ ಸೂರಿನಿಂದ ಹಿಡಿದ ಮಳೆ ನೀರಿನಲ್ಲಿ ಧೂಳು, ತುಕ್ಕು ಎರಡೂ ಇರುತ್ತವೆ. ಒಳಗಿನ ಸೀಸದ ಪ್ಲೇಟುಗಳು ಮುಳುಗಿ ಮೇಲೆ ಸುಮಾರು 10 ಮಿ.ಮೀ. ನಿಲ್ಲಬೇಕು, ಅಥವಾ ಬದಿಯಲ್ಲಿ ಗುರುತಿದ್ದರೆ ಅಲ್ಲಿಯವರೆಗೆ. ಆಸಿಡ್ ಅನ್ನು ಎಂದೂ ಹಾಕಬೇಡಿ. ಆವಿಯಾಗಿ ಹೋಗುವುದು ನೀರು, ಆಸಿಡ್ ಒಳಗೇ ಇರುತ್ತದೆ.

ಓಡಿಸುವಾಗ ಚಾರ್ಜ್ ಆಗುತ್ತಿದೆಯೇ ಎಂದು ತಿಳಿಯಲು ಮೆಕ್ಯಾನಿಕ್ ಟರ್ಮಿನಲ್ ಕಿತ್ತು ತೋರಿಸಿದರು. ಅದು ಸರಿಯೇ?

ಸರಿಯಲ್ಲ. ದಯವಿಟ್ಟು ನಿಮ್ಮ ಗಾಡಿಯಲ್ಲಿ ಅದನ್ನು ಮಾಡಲು ಬಿಡಬೇಡಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತಂತಿ ಕಿತ್ತರೆ ವೋಲ್ಟ್ ಒಮ್ಮೆಲೇ ಮೇಲಕ್ಕೆ ಚಿಮ್ಮುತ್ತದೆ. ಓಡುವಾಗ ಬ್ಯಾಟರಿ ತುಂಬಿಸುವ, ನಾವು ಬಾಯಿಮಾತಿನಲ್ಲಿ ಡೈನಮೋ ಎನ್ನುವ ಆಲ್ಟರ್ನೇಟರಿನ ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳು ಸುಡಬಹುದು. ಇಂಜೆಕ್ಷನ್ ಮಾದರಿಯ ಗಾಡಿಯಾದರೆ ಕಂಪ್ಯೂಟರ್ ಡಬ್ಬಿಯೂ ಹೋಗಬಹುದು. ನಿಜವಾದ ಡೈನಮೋ ಇದ್ದ ಕಾಲದ ಅಭ್ಯಾಸ ಇನ್ನೂ ಹೋಗಿಲ್ಲ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕಂಬಗಳಿಗೆ ಮೀಟರ್ ಹಿಡಿದರೆ ಸಾಕು. ಸ್ವಲ್ಪ ಆಕ್ಸಿಲೇಟರ್ ಕೊಟ್ಟಾಗ 13.8ರಿಂದ 14.5 ವೋಲ್ಟ್ ಬರಬೇಕು. ಆಮೇಲೆ ಹೆಡ್‌ಲೈಟ್, ವೈಪರ್ ಎರಡನ್ನೂ ಹಾಕಿ. 13.5ರ ಮೇಲೆ ನಿಂತರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ. 12.5ಕ್ಕೆ ಇಳಿದು ಇನ್ನೂ ಇಳಿಯುತ್ತಾ ಹೋದರೆ ಬ್ಯಾಟರಿಯೊಂದೇ ಹೊರೆ ಹೊತ್ತಿದೆ. ಬೆಲ್ಟ್, ಕಾರ್ಬನ್ ಬ್ರಷ್, ವೋಲ್ಟನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಇವನ್ನು ಇದೇ ಕ್ರಮದಲ್ಲಿ ನೋಡಿಸಿ. ಸವೆದ ಬ್ರಷ್ ಬದಲಾಯಿಸುವುದು ಸಣ್ಣ ಖರ್ಚು. ಅದನ್ನು ನೋಡದೆ ಇಡೀ ಆಲ್ಟರ್ನೇಟರ್ ಬದಲಿಸಿ ಎನ್ನುವವರ ಮಾತಿಗೆ ಕೂಡಲೇ ತಲೆಯಾಡಿಸಬೇಡಿ.

ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ ಉರಿಯುತ್ತಲೇ ಇಲ್ಲ. ಅಂದರೆ ಎಲ್ಲ ಸರಿ ಇದೆ ಅಲ್ಲವೇ?

ಕೀ ಹಾಕಿ ಎಂಜಿನ್ ಎಬ್ಬಿಸುವ ಮುಂಚೆ ಅದು ಉರಿಯಲೇಬೇಕು, ಎಂಜಿನ್ ಎದ್ದ ಮೇಲೆ ಆರಬೇಕು. ಮೊದಲೇ ಉರಿಯದಿದ್ದರೆ ಬಲ್ಬೋ ಅದರ ತಂತಿಯೋ ಹೋಗಿದೆ. ಎಷ್ಟೋ ಹಳೆಯ ಆಲ್ಟರ್ನೇಟರ್‌ಗಳಿಗೆ ಚಾರ್ಜ್ ಶುರುಮಾಡಲು ಬೇಕಾದ ಮೊದಲ ಸಣ್ಣ ಕರೆಂಟ್ ಬರುವುದೇ ಆ ಬಲ್ಬಿನ ಮೂಲಕ. ಪುಟ್ಟ ಬಲ್ಬ್ ಸುಟ್ಟು ಬ್ಯಾಟರಿ ಖಾಲಿಯಾದ ಗಾಡಿಗಳನ್ನು ನಾನೇ ಕಂಡಿದ್ದೇನೆ.

ಓಡುವಾಗ ದೀಪ ಮಂಕಾಗಿ ಮಿಣುಕಿದರೆ ಡಯೋಡ್ ಅಥವಾ ಬ್ರಷ್ ಮೇಲೆ ಅನುಮಾನ ಪಡಿ.

ಮಳೆಗಾಲದಲ್ಲಿ ಮಾತ್ರ ತೊಂದರೆ ಬರುತ್ತದೆ. ಏಕೆ?

ನಮ್ಮ ಮಳೆಯಲ್ಲಿ ಗಾಡಿ ತೊಂದರೆ ಕೊಡಲು ಕಾರಣ ಒಂದಲ್ಲ. ಓಮ್ನಿಯ ಎಂಜಿನ್ ಮುಂದಿನ ಸೀಟುಗಳ ಕೆಳಗಿದೆ, ರಸ್ತೆಯ ನೀರು, ಕೆಸರು ಕೆಳಗಿನಿಂದ ನೇರವಾಗಿ ಸಿಡಿಯುತ್ತದೆ. ಬೆಲ್ಟ್ ಒದ್ದೆಯಾಗಿ ಜಾರುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ‘ಕಿರ್‍ರ್’ ಎಂದು ಕಿರುಚುವುದು ಅದೇ. ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿ.ಮೀ. ಬಗ್ಗಬೇಕು. ಅದಕ್ಕಿಂತ ಹೆಚ್ಚು ಬಗ್ಗಿದರೆ ಸಡಿಲ. ಬಗ್ಗದಂತೆ ಬಿಗಿದರೆ ಬೇರಿಂಗ್ ಸವೆಯುತ್ತದೆ. ಒಳಬದಿ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬಿಗಿಯುವುದರಿಂದ ಪ್ರಯೋಜನವಿಲ್ಲ, ಬದಲಾಯಿಸಿ.

ಇನ್ನೊಂದು ಕಾರಣ ನಮ್ಮ ಓಡಾಟ. ಒಮ್ಮೆ ಸೆಲ್ಫ್ ಹೊಡೆಯಲು ನೂರಕ್ಕೂ ಹೆಚ್ಚು ಆಂಪಿಯರ್ ಬೇಕಾದರೂ ಅದು ಎರಡು ಮೂರು ಸೆಕೆಂಡಿನ ಮಾತು. ರಸ್ತೆಯಲ್ಲಿ ಕೆಲವೇ ನಿಮಿಷ ಓಡಿದರೆ ತುಂಬಿಬಿಡುತ್ತದೆ. ಆದರೆ ಜುಲೈ ತಿಂಗಳಲ್ಲಿ ಕೆಲಸಗಾರರ ಲೈನ್ ಮನೆಯಿಂದ ತೋಟದ ಗೇಟಿಗೆ, ಗೇಟಿನಿಂದ ಕಣಕ್ಕೆ ಎಂದು ಒಂದನೇ ಗೇರಿನಲ್ಲಿ ತೆವಳುತ್ತಾ, ಹೆಡ್‌ಲೈಟ್ ಹಾಕಿ, ವೈಪರ್ ಓಡಿಸುತ್ತಾ ಹೋದರೆ ಬರುವುದಕ್ಕಿಂತ ಹೋಗುವುದೇ ಹೆಚ್ಚು. ಎಂಜಿನ್ ನಿಧಾನವಾಗಿದ್ದಾಗ ಆಲ್ಟರ್ನೇಟರ್ ಕೊಡುವ ಕರೆಂಟ್ ಕಡಿಮೆ. ವಾರಕ್ಕೊಮ್ಮೆ ಚಿಕ್ಕಮಗಳೂರಿಗೋ ಬೇಲೂರಿಗೋ ಹೋಗಿಬರುವ ಕೆಲಸವಿದ್ದರೆ ಬ್ಯಾಟರಿ ತುಂಬಿಕೊಳ್ಳುತ್ತದೆ. ಇಲ್ಲದಿದ್ದರೆ ಚಾರ್ಜರ್ ಹಾಕಿ.

ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿ. ಓಡಿಸುತ್ತಾ ಇದ್ದರೆ ತೊಂದರೆಯೇ ಇಲ್ಲ.

ಹಾಗಾದರೆ ಗಾಡಿ ಮಲಗಿರುವಾಗ ಯಾವುದೋ ಕರೆಂಟ್ ಕುಡಿಯುತ್ತಿದೆ. ಇಂಥ ಸಣ್ಣ ವ್ಯಾನಿಗೆ ಸಾಮಾನ್ಯವಾಗಿ ಹಾಕುವ 35 ಆಂಪಿಯರ್ ಅವರ್ (ಅಂದರೆ ಗಂಟೆಗೆ ಒಂದು ಆಂಪಿಯರ್‌ನಂತೆ ಸುಮಾರು 35 ಗಂಟೆ ಕೊಡುವ) ಬ್ಯಾಟರಿಯನ್ನೇ ತೆಗೆದುಕೊಳ್ಳೋಣ. ಬಾಗಿಲು ಸರಿಯಾಗಿ ಕೂರದೆ 5 ವ್ಯಾಟಿನ ಒಳದೀಪ ಉರಿಯುತ್ತಿದ್ದರೆ ದಿನಕ್ಕೆ ಸುಮಾರು 10 ಆಂಪಿಯರ್ ಅವರ್ ಹೋಯಿತು. ಮೂರನೇ ದಿನ ಬೆಳಿಗ್ಗೆ ಸೆಲ್ಫ್ ಏಳುವುದು ಕಷ್ಟ.

ಹುಡುಕುವ ಬಗೆ ಹೀಗೆ: ಎಲ್ಲವನ್ನೂ ಆರಿಸಿ, ಬಾಗಿಲು ಮುಚ್ಚಿ, ಮೈನಸ್ ತಂತಿ ಬಿಚ್ಚಿ, ಮೀಟರನ್ನು 10 ಆಂಪಿಯರ್ ಜಾಗಕ್ಕೆ ಇಟ್ಟು ಕಂಬಕ್ಕೂ ತಂತಿಗೂ ನಡುವೆ ಸೇರಿಸಿ. 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಹೆಚ್ಚಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ಅಂಕಿ ಬಿತ್ತೋ ಆ ಸಾಲಿನಲ್ಲಿ ತಪ್ಪಿದೆ. ಮೀಟರ್ ಸೇರಿಸಿರುವಾಗ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ರಿವರ್ಸ್ ಹಾರ್ನ್, ಮಂಜಿನ ದೀಪ, ಮೊಬೈಲ್ ಚಾರ್ಜರ್ ಇವನ್ನು ಮೊದಲು ನೋಡಿ. ಇವೆಲ್ಲ ಫ್ಯೂಸ್ ಇಲ್ಲದೆ ನೇರವಾಗಿ ಬ್ಯಾಟರಿಗೆ ಜೋಡಿಸಿದ್ದರೆ ಬೆಂಕಿಯ ಭಯವೂ ಇದೆ. ಎಲ್ಲ ಫ್ಯೂಸ್ ತೆಗೆದರೂ ಕರೆಂಟ್ ಹೋಗುತ್ತಿದ್ದರೆ ಆಲ್ಟರ್ನೇಟರಿನ ದಪ್ಪ ತಂತಿ ಬಿಚ್ಚಿ ನೋಡಿ. ತಣ್ಣಗಿರಬೇಕಾದ ಆಲ್ಟರ್ನೇಟರ್ ಬೆಳಿಗ್ಗೆ ಮುಟ್ಟಿದರೆ ಬೆಚ್ಚಗಿರುವುದು ಡಯೋಡ್ ಸೋರುತ್ತಿರುವ ಗುರುತು.

ಮನೆಯಲ್ಲೇ ಚಾರ್ಜ್ ಮಾಡಬಹುದೇ?

ಮಾಡಬಹುದು, ನಿಧಾನವಾಗಿ. ಬ್ಯಾಟರಿಯ ಅಳತೆಯ ಹತ್ತನೇ ಒಂದು ಭಾಗ ಒಳ್ಳೆಯ ಲೆಕ್ಕ. 35ರದಕ್ಕೆ ಮೂರೂವರೆ ಆಂಪಿಯರ್. ಪೂರ್ತಿ ಇಳಿದಿದ್ದರೆ ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ. ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಆದ್ದರಿಂದ ಇಳಿದ ದಿನವೇ ಹಾಕಿ. ಕೊಯ್ಲು ಮುಗಿದು ಗಾಡಿಗೆ ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದರೆ ಮೈನಸ್ ತಂತಿ ಬಿಚ್ಚಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಬಾಗಿಲು ಮುಚ್ಚಿದ ಗೋದಾಮಿನಲ್ಲಿ, ದೇವರ ದೀಪ ಅಥವಾ ಒಲೆ ಇರುವ ಕಡೆ ಬೇಡವೇ ಬೇಡ. ಮೊದಲು ಚಾರ್ಜರ್ ಸ್ವಿಚ್ ಆರಿಸಿ, ಆಮೇಲೆ ಕ್ಲಿಪ್ ತೆಗೆಯಿರಿ.

ಬ್ಯಾಟರಿ ಬೇಗ ಬೇಗ ನೀರು ಕುಡಿಯುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ.

ಅತಿಯಾಗಿ ಚಾರ್ಜ್ ಆಗುತ್ತಿದೆ. ಎಂಜಿನ್ ಓಡುವಾಗ 15 ವೋಲ್ಟ್ ಮುಟ್ಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬಲ್ಬ್‌ಗಳು ಪದೇ ಪದೇ ಸುಡುವುದೂ ಇದರಿಂದಲೇ. ವಾಸನೆ ಬಂದರೆ ಗಾಡಿ ನಿಲ್ಲಿಸಿ, ಎಲ್ಲ ಬಾಗಿಲು ತೆರೆಯಿರಿ, ಬೀಡಿ ಸಿಗರೇಟು ದೂರವಿಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ.

ದೊಡ್ಡ ಬ್ಯಾಟರಿ ಹಾಕಿದರೆ ಪರಿಹಾರವಾಗುವುದಿಲ್ಲವೇ?

ಸೋರುವ ಟ್ಯಾಂಕಿನ ಜಾಗಕ್ಕೆ ದೊಡ್ಡ ಟ್ಯಾಂಕ್ ಇಟ್ಟ ಹಾಗೆ. ಟ್ರೇಗೆ ಸರಿಯಾಗಿ ಕೂರುವುದು, ಪ್ಲಸ್ ಮೈನಸ್ ಇರುವ ಬದಿ ಹೊಂದುವುದು, ಮೇಲಿನ ಪಟ್ಟಿ ಬಿಗಿಯಾಗಿರುವುದು ಇವು ಹೆಚ್ಚು ಮುಖ್ಯ. ನಮ್ಮ ರಸ್ತೆಯ ಕುಲುಕಾಟಕ್ಕೆ ಸಡಿಲವಾದ ಬ್ಯಾಟರಿಯ ಪ್ಲೇಟು ಉದುರುತ್ತದೆ.

ಕೊಳ್ಳುವಾಗ ತಯಾರಾದ ತಿಂಗಳು ಕೇಳಿ. ವಾರಂಟಿಯಲ್ಲಿ ಪೂರ್ತಿ ಬದಲಿಸಿಕೊಡುವ ಅವಧಿ ಎಷ್ಟು, ರಿಯಾಯಿತಿ ಮಾತ್ರ ಕೊಡುವ ಅವಧಿ ಎಷ್ಟು ಎಂದು ಬಿಡಿಸಿ ಕೇಳಿ ಬರೆಸಿಕೊಳ್ಳಿ. ಹಳೆಯದನ್ನು ಅಂಗಡಿಗೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಕಸಕ್ಕೆ ಹೋಗುವಂತಿಲ್ಲ. ಒಳಗಿನ ಸೀಸ ತೋಟದ ಹಳ್ಳಕ್ಕೆ ಸೇರಿದರೆ ಆ ನೀರನ್ನು ಕುಡಿಯುವವರು ನಾವೇ.

ಬೇರೆ ಗಾಡಿಯ ಬ್ಯಾಟರಿಯಿಂದ ಜಂಪ್ ಕೊಡುವಾಗ ತಂತಿಯ ಕ್ರಮ ಯಾವುದು? ತಳ್ಳಿ ಸ್ಟಾರ್ಟ್ ಮಾಡಿದರೆ ಏನಾಗುತ್ತದೆ?

ಕೆಂಪು ತಂತಿ ಮೊದಲು ಇಳಿದ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ. ಕಪ್ಪು ತಂತಿ ಒಳ್ಳೆಯದರ ಮೈನಸ್‌ಗೆ, ಅದರ ಕೊನೆಯ ತುದಿ ನಿಂತ ಗಾಡಿಯ ಎಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕಿಡಿ ಹಾರುವುದು ಆ ಕೊನೆಯ ತುದಿಯಲ್ಲಿ. ಅದು ಬ್ಯಾಟರಿಯ ಗಾಳಿಯ ಹತ್ತಿರ ಹಾರಬಾರದು. ತೆಗೆಯುವುದು ಇದರ ಹಿಮ್ಮುಖವಾಗಿ. ಲಾರಿಯ 24 ವೋಲ್ಟ್‌ನಿಂದ ಎಂದೂ ಜಂಪ್ ತೆಗೆದುಕೊಳ್ಳಬೇಡಿ.

ಕಾರ್ಬುರೇಟರ್ ಗಾಡಿ ಎರಡನೇ ಗೇರಿನಲ್ಲಿ ತಳ್ಳಿದರೆ ಏಳುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ಪಂಪ್ ತಿರುಗುವಷ್ಟು ಕರೆಂಟ್ ಇಲ್ಲದಿದ್ದರೆ ಎಷ್ಟು ತಳ್ಳಿದರೂ ವ್ಯರ್ಥ. ಘಟ್ಟದ ಇಳಿಜಾರಿನಲ್ಲಿ ಮಾತ್ರ ಈ ಉಪಾಯ ಮಾಡಬೇಡಿ. ಎಂಜಿನ್ ಏಳದಿದ್ದರೆ, ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಇರುವ ಗಾಡಿಯ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ರಾತ್ರಿ ಚಾರ್ಮಾಡಿ ಘಾಟಿ ಹತ್ತುತ್ತಿರುವಾಗ ಕೆಂಪು ದೀಪ ಹತ್ತಿಕೊಂಡಿತು. ಎಷ್ಟು ದೂರ ಹೋಗಬಹುದು?

ಮೊದಲು ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆರಿಸದೆ ಟಾರ್ಚ್ ಹಿಡಿದು ಬೆಲ್ಟ್ ಇದೆಯೇ ಎಂದು ನೋಡಿ. ಓಡುತ್ತಿರುವ ಬೆಲ್ಟಿನ ಹತ್ತಿರ ಕೈ, ಸೆರಗು, ಟವೆಲ್ ತರಬೇಡಿ. ಹಲವು ಹಳೆಯ ಎಂಜಿನ್‌ಗಳಲ್ಲಿ ಅದೇ ಬೆಲ್ಟ್ ಎಂಜಿನ್ ತಣಿಸುವ ನೀರಿನ ಪಂಪನ್ನೂ ತಿರುಗಿಸುತ್ತದೆ. ಅದು ಕಡಿದಿದ್ದರೆ ಕೂಡಲೇ ಎಂಜಿನ್ ಆರಿಸಿ. ಮುಂದೆ ಓಡಿಸಿದರೆ ಎಂಜಿನ್ ಅತಿಯಾಗಿ ಕಾದು, ಹೋಗುವುದು ಬ್ಯಾಟರಿಯಲ್ಲ, ಎಂಜಿನ್ನಿನ ಹೆಡ್ ಗ್ಯಾಸ್ಕೆಟ್.

ಬೆಲ್ಟ್ ಇದ್ದರೆ ಹೋಗಬಹುದು. 55 ವ್ಯಾಟಿನ ಎರಡು ಡಿಮ್ ದೀಪಕ್ಕೆ ಸುಮಾರು 9 ಆಂಪಿಯರ್ ಬೇಕು. ಇಗ್ನಿಷನ್, ಹಿಂದಿನ ದೀಪ, ಆಗಾಗ ವೈಪರ್ ಎಲ್ಲ ಸೇರಿ 15 ಆಂಪಿಯರ್ ಎಂದುಕೊಳ್ಳಿ. ಒಳ್ಳೆಯ, ತುಂಬಿದ 35ರ ಬ್ಯಾಟರಿ ಒಂದೂವರೆ ಗಂಟೆ ತಡೆಯಬಹುದು; ಹಳೆಯದಾದರೆ ಅದರಲ್ಲಿ ಅರ್ಧವನ್ನಷ್ಟೇ ನಂಬಿ. ಹಾಡು, ಫ್ಯಾನ್, ಮೊಬೈಲ್ ಚಾರ್ಜರ್ ಎಲ್ಲವನ್ನೂ ಆರಿಸಿ. ಹೆಡ್‌ಲೈಟನ್ನು ಮಾತ್ರ ಉಳಿತಾಯಕ್ಕೆಂದು ಆರಿಸಬೇಡಿ. ಆ ತಿರುವುಗಳಲ್ಲಿ ಎದುರಿನವರಿಗೆ ನೀವು ಕಾಣಬೇಕು. ದಾರಿಯಲ್ಲಿ ಎಂಜಿನ್ ನಿಲ್ಲಿಸಿದರೆ ಮತ್ತೆ ಏಳುವುದಿಲ್ಲ ಎಂದೇ ಭಾವಿಸಿ ಓಡಿಸಿ. ಹೆಡ್‌ಲೈಟ್ ಹಳದಿಗೆ ತಿರುಗಿ ಎಂಜಿನ್ ಮುಗ್ಗರಿಸತೊಡಗಿದರೆ, ಪೂರ್ತಿ ನಿಲ್ಲುವ ಮುಂಚೆಯೇ ರಸ್ತೆ ಬಿಟ್ಟು ಬದಿಗೆ ಸೇರಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಪಾರ್ಕಿಂಗ್ ದೀಪಕ್ಕೆ ಇರುವಷ್ಟು ಕರೆಂಟ್ ಉಳಿಸಿಕೊಳ್ಳಿ. ಘಟ್ಟದ ಮೇಲಿನ ಕೊಟ್ಟಿಗೆಹಾರ ತಲುಪಿದರೆ ಅಂಗಡಿ ಬೆಳಕಿನಲ್ಲಿ ನಿಲ್ಲಿಸಿ, ಬೆಳಗಾಗುವವರೆಗೆ ಕಾಯಿರಿ.